ಹದಿನೇಳನೆಯ ಮನೆ

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಳೆಗಾಲ. ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ಹಳ್ಳಿಯ ಕುಟುಂಬಗಳು ಹೇಗೆ ಬದುಕುತ್ತವೆ, ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಊರು ಬಿಟ್ಟವರು ಎಲ್ಲಿ ನಿಲ್ಲುತ್ತಾರೆ, ನಿಂತ ಮೇಲೆ ಏನಾಗುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವುದು ನಮ್ಮ ಕೆಲಸ. ತಂದದ್ದನ್ನು ಕಂಪ್ಯೂಟರಿಗೆ ಹಾಕಿ ಕೋಷ್ಟಕ ಮಾಡುವವರು ಬೇರೆ, ಅದರ ಮೇಲೆ ಪ್ರಬಂಧ ಬರೆಯುವವರು ಬೇರೆ. ಆ ಹೊತ್ತಿಗೆ ನನಗೆ ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದವು.

ನಾನು ಧಾರವಾಡದವಳು. ಮದುವೆಯಾಗಿ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದವಳು. ಸಂಸ್ಥೆಯ ಫೀಲ್ಡ್ ತಂಡದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹೀಗಾಗಿ ಪಟ್ಟಿಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳು ಬಂದರೆ ಅವು ನನ್ನ ಪಾಲಿಗೆ ಬರುತ್ತಿದ್ದವು.

ಆ ವರ್ಷ ಕೈಗೆತ್ತಿಕೊಂಡದ್ದು ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಗಳ ಸುತ್ತ ಒಂದೊಂದೇ ಕೋಣೆಯ ಬಾಡಿಗೆ ಖೋಲಿಗಳಲ್ಲಿ ಬಂದು ನೆಲೆಸಿದ ಹಳ್ಳಿ ಕುಟುಂಬಗಳ ಅಧ್ಯಯನ. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ಯಾನಲ್ ಸರ್ವೆ ಎನ್ನುತ್ತಾರೆ. ಒಂದೇ ಮನೆಗೆ ಆರಾರು ತಿಂಗಳ ಅಂತರದಲ್ಲಿ ಮೂರು ಸಲ ಹೋಗಿ, ನಡುವೆ ಏನು ಬದಲಾಯಿತು ಎಂದು ನೋಡುವುದು. ಪ್ರತಿ ಮನೆಗೂ ಒಂದು ನಂಬರು. ನಾವು ತುಂಬುವ ಹಾಳೆಯ ಮೇಲೆ ನಂಬರು ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಯಾವ ನಂಬರು ಯಾರದು ಎನ್ನುವುದು ಇನ್ನೊಂದು ರಿಜಿಸ್ಟರಿನಲ್ಲಿ. ಅದು ಸಂಸ್ಥೆಯ ಕಪಾಟಿನಲ್ಲಿ ಕೀಲಿಯೊಳಗೆ. ಹೇಳಿದವರಿಗೆ ತೊಂದರೆ ಆಗಬಾರದು ಎಂದೇ ಈ ಏರ್ಪಾಡು. ನಾನು ಹೊಸಬರಿಗೆ ತರಬೇತಿ ಕೊಡುವಾಗ ಮೊದಲ ದಿನ ಮೊದಲ ಗಂಟೆ ಇದನ್ನೇ ಹೇಳಿಕೊಡುತ್ತಿದ್ದೆ.

ನಂಬರು ಹದಿನೇಳು ಕಸ್ತೂರಿಯ ಮನೆ.

ಸಾಲಾಗಿ ತಗಡು ಹೊದಿಸಿದ ಎಂಟು ಪತ್ರಾಸಿನ ಖೋಲಿಗಳು. ಎದುರಿಗೆ ಒಂದೇ ನಳ. ಆರನೆಯ ಖೋಲಿಯ ಬಾಗಿಲಲ್ಲಿ ನಿಂತು ನಾನು ಕನ್ನಡದಲ್ಲಿ ಮಾತು ತೆಗೆದದ್ದೇ ತಡ, ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರ ಬಿಟ್ಟು ಎದ್ದಳು.

“ಅಕ್ಕಾರ, ನಮ್ಮ ಕಡಿಯಾವ್ರೇನ್ರಿ? ಬರ್ರಿ, ಒಳಗ ಬರ್ರಿ. ಇಲ್ಲಿ ಬಂದು ಮೂರು ವರ್ಷಾತು, ನೀವು ಹೆಂಗದೀರಿ ಅಂತ ಕೇಳಾಕ ಒಬ್ಬರೂ ಬಂದಿಲ್ರಿ.”

ಕಸ್ತೂರಿಗೆ ಆಗ ಮೂವತ್ತನಾಲ್ಕು. ಇಂಡಿ ತಾಲ್ಲೂಕಿನ ಹಳ್ಳಿಯವಳು. ಗಂಡ ಮಲಕಾರಿಯ ಮನೆತನ ತಲೆತಲಾಂತರದಿಂದ ಕಂಬಳಿ ನೇಯುವವರದು. ಮಲಕಾರಿ ಮಗ್ಗದ ಮೇಲೆ ಕೂತರೆ ಈಕೆ ನೂಲು ತೆಗೆಯುತ್ತಿದ್ದಳು. ಪೇಟೆಗೆ ಗಿರಣಿಯ ಬ್ಲಾಂಕೆಟ್ಟು ಬಂದವು, ಕಂಬಳಿ ಕೇಳುವವರು ಕಡಿಮೆಯಾದರು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿ ಇಬ್ಬರೂ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಮಲಕಾರಿ ಗೋದಾಮಿನಲ್ಲಿ ಹಮಾಲಿ. ಮಗಳು ಐಶ್ವರ್ಯಾ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ. ಕಸ್ತೂರಿಗೆ ಒಂದು ಸಣ್ಣ ಕಾರ್ಖಾನೆಯಲ್ಲಿ, ಆಳುಗಳನ್ನು ಒದಗಿಸುವ ಠೇಕೇದಾರನ ಕೈಕೆಳಗೆ, ಪ್ರೆಸ್ ಮಷಿನಿನ ಕೆಲಸ. ತಗಡಿನ ತುಂಡನ್ನು ಅಚ್ಚಿನ ಮೇಲೆ ಇಟ್ಟರೆ ಮೇಲಿನಿಂದ ಭಾರ ಬಂದು ಒತ್ತುತ್ತದೆ. ತುಂಡು ದೊಡ್ಡ ಗಾಡಿಗಳ ಯಾವುದೋ ಭಾಗವಾಗಿ ಹೊರಬೀಳುತ್ತದೆ. ಕಾಗದದ ಮೇಲೆ ಈಕೆ ಹೆಲ್ಪರ್, ಮಾಡುವುದು ಆಪರೇಟರಿನ ಕೆಲಸ.

ಆಕೆ ಎಡಚಿ. ಅನ್ನ ಉಣ್ಣುವುದೊಂದು ಬಿಟ್ಟು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನೂಲು ತೆಗೆದರೆ ಅದರ ಹುರಿ ಉಳಿದವರ ನೂಲಿಗೆ ತಿರುವುಮುರುವಾಗಿ ಬರುತ್ತಿತ್ತಂತೆ. “ನಮ್ಮತ್ತಿ ಬೈಯಾಕಿರಿ, ನಿನ್ನ ನೂಲು ಮನಿಗೆ ಹೊಂದೂದಿಲ್ಲ ಅಂತ. ಆಮ್ಯಾಲ ನನ್ನ ನೂಲಿಲೆ ಬ್ಯಾರೆ ಕಂಬಳಿ ಮಾಡಾಕ ಹತ್ತಿದ್ರು. ಅವು ಭಾಳ ಬಿರುಸು ಇರ್ತಿದ್ವು, ಮಂದಿ ಅವನ್ನ ಕೇಳಿ ಒಯ್ತಿದ್ರು,” ಎಂದು ನಕ್ಕಳು. ಇದು ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆದರೂ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಜನರ ಜೊತೆ ಮಾತು ಕುದುರಿತು ಎಂದರೆ ಇಂಥವೆಲ್ಲ ಬರುತ್ತವೆ, ಮತ್ತು ಒಳ್ಳೆಯ ಇನ್ವೆಸ್ಟಿಗೇಟರ್ ಇವನ್ನು ಬಿಡುವುದಿಲ್ಲ ಎಂಬ ಹಮ್ಮು ನನಗಿತ್ತು.

ಹೆಂಗಸರಿಗೆ ಈ ಅಧ್ಯಯನದಲ್ಲಿ ಟೈಮ್ ಯೂಸ್ ಎಂಬ ಇನ್ನೊಂದು ಹಾಳೆ ಇತ್ತು. ಏಳು ದಿನ, ದಿನದ ಪ್ರತಿ ತಾಸು ಏನು ಮಾಡಿದಿರಿ ಎಂದು ಕೇಳಿ ತುಂಬಬೇಕು. ಮೂರನೆಯ ದಿನ ನಾನು ಸುಮ್ಮನೆ ಕೇಳಿದೆ: ಒಂದು ತಾಸಿಗೆ ಎಷ್ಟು ತುಂಡು ತೆಗೆಯುತ್ತೀ? ಆಕೆ ಹೇಳಿದ ಲೆಕ್ಕ ನನಗೆ ಹೊಂದಲಿಲ್ಲ. ಅಂಥ ಮಷಿನಿಗೆ ಎರಡು ಗುಂಡಿ ಇರುತ್ತವೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಭಾರ ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದಾಗ ಅಚ್ಚಿನ ಕೆಳಗೆ ಕೈ ಇರಲು ಸಾಧ್ಯವಿಲ್ಲ. ಸುರಕ್ಷತೆಗೆ ಮಾಡಿದ ಉಪಾಯ ಅದು. ಹಾಗೆ ಮಾಡುತ್ತ ಅಷ್ಟು ತುಂಡು ತೆಗೆಯಲು ಬರುವುದಿಲ್ಲ.

ಕಸ್ತೂರಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು. ಎರಡು ಸ್ಟೀಲಿನ ಮುಚ್ಚಳ ನೆಲದ ಮೇಲಿಟ್ಟು ತೋರಿಸಿದಳು. ಒಂದು ಗುಂಡಿಗೆ ವಾಶರ್, ಅಂದರೆ ನಡುವೆ ತೂತಿರುವ ಲೋಹದ ಬಿಲ್ಲೆ, ಸಿಗಿಸಿ ಅದು ಯಾವಾಗಲೂ ಒತ್ತಿಯೇ ಇರುವಂತೆ ಮಾಡುತ್ತಾರೆ. ಪಾಳಿ ಶುರುವಾಗುವ ಮೊದಲು ಸೂಪರ್‌ವೈಸರನೇ ಮಾಡಿ ಹೋಗುತ್ತಾನೆ. ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ಕೈ ತುಂಡು ಇಡಲು, ತೆಗೆಯಲು. ತಪಾಸಣೆಯವರು ಬರುವ ಸುದ್ದಿ ಬಂದರೆ ವಾಶರ್ ತೆಗೆಯುತ್ತಾರೆ.

“ಉಳಿದಾವ್ರು ಬಲಗೈಲೆ ತುಂಡು ಇಡ್ತಾರ್ರಿ. ನಾ ಒಬ್ಬಾಕಿ ಎಡಗೈಲೆ. ಅದಕ್ಕ ನನ್ನ ಮಷಿನ್ನಿಗಿ ವಾಶರ್ ಎಡಗಡಿ ಗುಂಡಿಗಿ ಹಾಕ್ತಾರ,” ಎಂದಳು. ಆಮೇಲೆ ನನ್ನ ಪೆನ್ನಿನ ಕಡೆ ನೋಡಿದಳು. “ಇದನ್ನ ಬರೀಬ್ಯಾಡ್ರಿ ಅಕ್ಕಾರ. ನಾವು ನಾವು ಮಾತಾಡಿದ್ದು.”

ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ನಿನ್ನ ಹೆಸರು ಹಾಕೂದಿಲ್ಲ, ಊರು ಹಾಕೂದಿಲ್ಲ, ಕಾರ್ಖಾನಿ ಹೆಸರೂ ಹಾಕೂದಿಲ್ಲ. ಬರದ್ರ ನಾಳೆ ಯಾರಿಗರೆ ಚಲೋ ಆಗ್ತದ. ಇದು ನೀನು ಅಂತ ಯಾರಿಗೂ ಗೊತ್ತಾಗೂದಿಲ್ಲ.”

ಆಕೆ ಮುಚ್ಚಳಗಳನ್ನು ಎತ್ತಿ ಒಳಗಿಟ್ಟಳು. “ನೀವು ಹೇಳಿದ್ರ ಆತು ಬಿಡ್ರಿ,” ಎಂದಳು.

ಮೊದಲ ಸುತ್ತು ಮುಗಿದ ಮೇಲೆ ಸಂಸ್ಥೆ ಒಂದು ಮಧ್ಯಂತರ ವರದಿ ತರಲು ನಿರ್ಧರಿಸಿತು. ಬರೀ ಕೋಷ್ಟಕ ಯಾರೂ ಓದುವುದಿಲ್ಲ, ನಡುನಡುವೆ ಚೌಕಟ್ಟಿನ ಬಾಕ್ಸ್ ಹಾಕಿ ಒಬ್ಬೊಬ್ಬರ ಬದುಕಿನ ಚಿತ್ರ ಕೊಡೋಣ ಎಂದು ನಿರ್ದೇಶಕರು ಹೇಳಿದರು. ಫೀಲ್ಡಿನವರಿಂದ ಬಾಕ್ಸ್ ಬರೆಸಿದ್ದು ಅದೇ ಮೊದಲು. ನಾಲ್ಕರಲ್ಲಿ ಒಂದು ನನ್ನ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷ ಬೇರೆಯವರ ಪ್ರಬಂಧಗಳ ಕೊನೆಯಲ್ಲಿ ‘ಸಹಕರಿಸಿದವರು’ ಎಂಬ ಸಾಲಿನಲ್ಲಿ ಇದ್ದವಳು ನಾನು. ಎರಡು ದಿನ ಕೂತು ಬರೆದೆ. ಕಸ್ತೂರಿಯನ್ನು ಸುನೀತಾ ಮಾಡಿದೆ. ಇಂಡಿಯನ್ನು ‘ಗಡಿ ಭಾಗದ ಒಂದು ಹಳ್ಳಿ’ ಮಾಡಿದೆ. ಕಂಬಳಿಯನ್ನು ಕೈಬಿಟ್ಟೆ. ವಾಶರ್ ಉಳಿಸಿದೆ. ಎಡಗೈಯಿಂದ ತುಂಡು ಇಡುವ ಹೆಂಗಸು, ಬಲಗೈಯಿಂದ ಗುಂಡಿ ಒತ್ತುವ ಹೆಂಗಸು—ಅದನ್ನೂ ಉಳಿಸಿದೆ. ಓದಿದವರ ಕಣ್ಣಿಗೆ ಕಟ್ಟಬೇಕಿತ್ತಲ್ಲ. ವರದಿಯನ್ನು ನನ್ನ ಹೊರತು ಇನ್ನೂ ಮೂವರು ತಿದ್ದಿದರು. ಆ ಸಾಲಿನ ಪಕ್ಕದಲ್ಲಿ ಒಬ್ಬರು ‘ಸುಂದರ’ ಎಂದು ಬರೆದಿದ್ದರು.

ಪುಣೆಯಲ್ಲಿ ಒಂದು ಸಭೆ ಮಾಡಿ ವರದಿ ಬಿಡುಗಡೆ ಮಾಡಿದೆವು. ಅಧಿಕಾರಿಗಳು, ಸ್ವಯಂಸೇವಾ ಸಂಸ್ಥೆಯವರು, ಉದ್ಯಮದ ಕಡೆಯ ಕೆಲವರು ಬಂದಿದ್ದರು. ಮರಾಠಿಯಲ್ಲಿ ಸಂಕ್ಷಿಪ್ತ ಪುಸ್ತಿಕೆ ಮಾಡಿ ಎಲ್ಲರಿಗೂ ಹಂಚಿದೆವು. ನನ್ನ ಬಾಕ್ಸನ್ನು ಒಬ್ಬರು ವೇದಿಕೆಯಿಂದ ಗಟ್ಟಿಯಾಗಿ ಓದಿದರು. ಚಪ್ಪಾಳೆ ಬಿತ್ತು. ಮನೆಗೆ ಹೋಗುವಾಗ ದಾರಿಯಲ್ಲಿ ಸಿಹಿ ಅಂಗಡಿಯಿಂದ ಸಾಟೋರಿ ಕಟ್ಟಿಸಿಕೊಂಡು ಹೋದೆ.

ಎರಡನೆಯ ಸುತ್ತಿಗೆ ಹೋದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಖೋಲಿಗಳ ಸಾಲಿಗೆ ಕಾಲಿಡುತ್ತಲೇ ಏನೋ ತಪ್ಪಿದೆ ಅನಿಸಿತು. ಮೊದಲ ಸಲ ಚಹಾ ಕುಡಿಸಿ ಕಳಿಸಿದ್ದ ಇನ್ನೊಬ್ಬ ಹೆಂಗಸು, ಎರಡನೆಯ ಖೋಲಿಯವಳು, ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಳದ ಹತ್ತಿರ ಇದ್ದವರು ಮಾತು ನಿಲ್ಲಿಸಿದರು. ಕಸ್ತೂರಿ ಮನೆಯಲ್ಲಿದ್ದಳು. “ಬರ್ರಿ” ಎಂದಳು, ಅಷ್ಟೇ. ಅಕ್ಕಾರ ಎನ್ನಲಿಲ್ಲ.

ನಡೆದದ್ದನ್ನು ಆಕೆಯೇ ಹೇಳಿದಳು. ಪುಸ್ತಿಕೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಕಾರ್ಖಾನೆಯ ಮಾಲೀಕನಿಗೆ ಮುಟ್ಟಿತ್ತು. ಮಾಲೀಕ ಠೇಕೇದಾರನನ್ನು ಕರೆದು ಕೇಳಿದ. ಮರುದಿನ ಬೆಳಿಗ್ಗೆ ಪಾಳಿಗೆ ಬಂದ ಹೆಂಗಸರನ್ನೆಲ್ಲ ಠೇಕೇದಾರ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಆ ಪುಟ ತೆಗೆದು ಮರಾಠಿಯಲ್ಲಿ ಓದಿದ.

“ಸುನೀತಾ ಅಂತ ಓದಿದ್ರಿ. ಯಾರೋ ಸುನೀತಾ ಅಂತ ನಾನೂ ಕೇಳ್ಕೋತ ನಿಂತಿದ್ನಿ. ಎಡಗೈ ಅನ್ನೂದು ಬಂತ್ರಿ. ಆಂವಾ ಏನೂ ಕೇಳಲಿಲ್ಲ. ಎಲ್ಲಾರೂ ತಿರುಗಿ ನನ್ನ ಕೈ ನೋಡಿದ್ರು.”

ಹನ್ನೊಂದು ಹೆಂಗಸರು ಆ ಪ್ರೆಸ್ ವಿಭಾಗದಲ್ಲಿದ್ದರು. ಹನ್ನೊಂದೂ ಮಂದಿಯನ್ನು ಅದೇ ವಾರ ಕೆಲಸದಿಂದ ಬಿಡಿಸಿದರು. ಹೆಂಗಸರನ್ನು ಇಟ್ಟುಕೊಂಡರೆ ಮಾತು ಹೊರಗೆ ಹೋಗುತ್ತದೆ ಎಂಬುದು ಕಾರಣ. ಅವರ ಜಾಗಕ್ಕೆ ದೂರದ ರಾಜ್ಯಗಳ ಗಂಡಸರು ಬಂದರು. ವಾಶರ್ ತೆಗೆದರೋ ಇಲ್ಲವೋ ಎಂದು ನಾನು ಕೇಳಿದೆ. “ಯಾಕ ತಗೀತಾರ್ರಿ?” ಎಂದಳು ಕಸ್ತೂರಿ.

ಹನ್ನೊಂದರಲ್ಲಿ ಆರು ಮಂದಿ ಅದೇ ಖೋಲಿಗಳ ಸಾಲಿನವರು. ಇವಳಿಂದ ನಮ್ಮ ಅನ್ನ ಹೋಯಿತು ಎಂದು ಅವರು ಮಾತು ಬಿಟ್ಟಿದ್ದರು. ನಳಕ್ಕೆ ಎಲ್ಲರದೂ ಮುಗಿದ ಮೇಲೆ ಹೋಗಬೇಕು. ಎರಡನೆಯ ಖೋಲಿಯವಳು ಇವಳದೇ ಊರಿನವಳು, ಐಶ್ವರ್ಯಾಳನ್ನು ದಿನಾ ಶಾಲೆಗೆ ಬಿಟ್ಟು ಬರುತ್ತಿದ್ದವಳು. ಅವಳೂ ಮಾತು ಬಿಟ್ಟಳು. ಊರಿಗೂ ಸುದ್ದಿ ಮುಟ್ಟಿತ್ತು. “ಮಂದಿದೊಂದು ಬಿಡ್ರಿ. ನಮ್ಮವರೂ ಕೇಳಿದ್ರು, ಮನಿ ಮಾತು ಬರಿಯಾವ್ರಿಗಿ ಯಾಕ ಹೇಳಿದಿ ಅಂತ,” ಎಂದಳು. ನಮ್ಮವರು ಎಂದರೆ ಗಂಡ.

ನಾನು ಕ್ಷಮಿಸು ಎಂದೆ. ಬೇರೆ ಏನು ಹೇಳಲಿ? ಆಕೆ ನನ್ನ ಚೀಲದಲ್ಲಿದ್ದ ಹಾಳೆಗಳನ್ನು ನೋಡಿ, “ಕೇಳ್ರಿ. ನಿಮ್ಮ ಕೆಲಸ ನೀವು ಮಾಡ್ರಿ,” ಎಂದಳು.

ನಾನು ಆಗ ಎದ್ದು ಬರಬೇಕಿತ್ತು. ಬರಲಿಲ್ಲ. ಪ್ಯಾನಲ್ ಸರ್ವೆಯಲ್ಲಿ ಮನೆಯೊಂದು ಬಿಟ್ಟುಹೋದರೆ ಅದು ದೊಡ್ಡ ಕೊರತೆ, ಆ ಶಿಸ್ತು ಮೈಯಲ್ಲಿ ಇಳಿದಿತ್ತು. ಕೇಳಿದೆ, ಹೇಳಿದಳು, ತುಂಬಿದೆ. ಆಕೆಗೆ ಈಗ ಪಕ್ಕದ ಹಳ್ಳಿಯ ಒಂದು ಶೆಡ್ಡಿನಲ್ಲಿ ಕೆಲಸ. ಬೋರ್ಡಿಲ್ಲ, ಹಾಜರಿ ಪುಸ್ತಕವಿಲ್ಲ, ಪಗಾರು ಕೈಗೆ. ಅಲ್ಲಿಯೂ ಪ್ರೆಸ್ಸೇ, ಆದರೆ ಹಳೆಯದು, ಕಾಲಿನಿಂದ ತುಳಿಯುವುದು. ಅದಕ್ಕೆ ವಾಶರ್ ಸಿಗಿಸುವ ಗುಂಡಿಯೂ ಇಲ್ಲ. ಏಳು ದಿನ ಹೋಗಿ ಏಳು ದಿನದ ತಾಸುಗಳನ್ನು ಬರೆದೆ. ‘ಶೆಡ್, ಪ್ರೆಸ್ ಕೆಲಸ’ ಎಂದು ದಿನಕ್ಕೆ ಹತ್ತು ತಾಸಿನ ಚೌಕಗಳಲ್ಲಿ ಗೆರೆ ಎಳೆದೆ. ಅಪಾಯ ನನಗೆ ಕಾಣದೆ ಇರಲಿಲ್ಲ. ಆದರೆ ಆ ಮಷಿನು ಬಿಡು ಎಂದು ಹೇಳಲು ನನಗೆ ಯಾವ ಮುಖವಿತ್ತು?

ಆಫೀಸಿಗೆ ಬಂದು ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ನಿಜವಾಗಿ ನೊಂದುಕೊಂಡರು. ವೆಬ್‌ಸೈಟಿನಿಂದ ಬಾಕ್ಸ್ ತೆಗೆಸಿದರು. ಹಂಚಿದ ಪುಸ್ತಿಕೆಗಳನ್ನು ಹಿಂದಕ್ಕೆ ತರುವುದು ಆಗದ ಮಾತು.

ಇದಾದ ಮೇಲೆ ಮೂರು ವಾರ ಕೂಡ ಆಗಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಲಕಾರಿಯ ಫೋನು ಬಂತು. ಪ್ರೆಸ್ಸಿಗೆ ಸಿಕ್ಕಿ ಕಸ್ತೂರಿಯ ಎಡಗೈಯ ಮೂರು ಬೆರಳು ಹೋಗಿ ಮೂರು ದಿನವಾಗಿತ್ತು.

ಆಸ್ಪತ್ರೆಗೆ ಹೋದೆ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈಗೆ ದಪ್ಪ ಬ್ಯಾಂಡೇಜು. ನಾನು ಬಂದದ್ದು ಗೊತ್ತಾಗಿತ್ತು, ತಿರುಗಲಿಲ್ಲ. ಐಶ್ವರ್ಯಾ ಶಾಲೆಯ ಸಮವಸ್ತ್ರದಲ್ಲೇ ಕಾಲ ಬಳಿ ಕೂತಿದ್ದಳು. ಮಲಕಾರಿ ನನ್ನನ್ನು ಹೊರಗೆ ಕರೆದುಕೊಂಡು ಹೋದ. ಕಡಿಮೆ ಮಾತಿನ ಮನುಷ್ಯ. ಅಲ್ಲಿಯವರೆಗೆ ನನ್ನ ಜೊತೆ ಹತ್ತು ಮಾತೂ ಆಡಿರಲಿಲ್ಲ.

ಶೆಡ್ಡಿನ ಮಾಲೀಕ ಮೊದಲ ದಿನ ಡ್ರೆಸ್ಸಿಂಗ್ ಮಾಡಿಸಿ, ಎರಡನೆಯ ದಿನದಿಂದ ಬೇರೆ ಕಥೆ ಹೇಳುತ್ತಿದ್ದ. ಈ ಹೆಂಗಸು ನನ್ನಲ್ಲಿ ಕೆಲಸಕ್ಕೇ ಇರಲಿಲ್ಲ, ಯಾರಿಗೋ ಊಟದ ಡಬ್ಬಿ ಕೊಡಲು ಬಂದವಳು ಮಷಿನು ಮುಟ್ಟಿದಳು ಎಂದು. ಆಕೆ ಅಲ್ಲಿ ದುಡಿದಳು ಎನ್ನಲು ಒಂದು ಚೀಟಿಯೂ ಇಲ್ಲ. ಜೊತೆಯ ಕೆಲಸಗಾರರು ಬಾಯಿ ಬಿಡುವುದಿಲ್ಲ.

“ನಿಮ್ಮ ಕಡೆ ಬರದದ್ದು ಐತಲ್ರಿ,” ಎಂದ ಮಲಕಾರಿ. “ತಾಸು ತಾಸಿಂದು ಬರ್ಕೊಂಡೀರಿ. ಅದನ್ನ ಒಂದು ಕೊಡ್ರಿ.”

ಇದು ನನಗೆ ಹೊಳೆದೇ ಇರಲಿಲ್ಲ. ಹೌದು. ಭೂಮಿಯ ಮೇಲೆ ಆಕೆ ಆ ಶೆಡ್ಡಿನಲ್ಲಿ ದುಡಿದಳು ಎನ್ನುವ ಕಾಗದ ಇದ್ದರೆ ಅದು ನಮ್ಮ ಕಪಾಟಿನಲ್ಲಿ ಇತ್ತು. ತಾರೀಖಿನ ಸಮೇತ, ಏಳು ದಿನ, ತಾಸು ತಾಸಿನ ಲೆಕ್ಕ. ಕೊಡ್ತೀನಿ ಎಂದೆ. ಆ ಸಂಜೆ ಬಸ್ಸಿನಲ್ಲಿ ಬರುವಾಗ ಮೊದಲ ಸಲ ಸ್ವಲ್ಪ ಉಸಿರು ಬಂದಂತಾಯಿತು. ಮಾಡಿದ ತಪ್ಪನ್ನು ಒಂದಿಷ್ಟಾದರೂ ತುಂಬಿಕೊಡಲು ದಾರಿ ಇದೆ ಅನಿಸಿತು.

ನಿರ್ದೇಶಕರು ಪೂರ್ತಿ ಕೇಳಿಸಿಕೊಂಡರು. “ಬಾಯಿಯವರೇ, ನಿಮ್ಮ ಸಂಕಟ ನನಗೆ ತಿಳಿಯುತ್ತದೆ,” ಎಂದರು ಮರಾಠಿಯಲ್ಲಿ. “ಆದರೆ ಡೇಟಾ ಹೊರಗೆ ಕೊಡುವುದಿಲ್ಲ ಎಂದು ನಾವು ಪ್ರತಿ ಮನೆಗೂ ಮಾತು ಕೊಟ್ಟಿದ್ದೇವೆ. ಇಂದು ಒಬ್ಬರಿಗೆ ಒಳ್ಳೆಯದಾಗಲಿ ಎಂದು ಕೊಟ್ಟರೆ, ನಾಳೆ ಇನ್ನೊಬ್ಬರಿಗೆ ಕೆಟ್ಟದ್ದು ಮಾಡಲು ಕೇಳುವವನಿಗೆ ಏನು ಹೇಳಲಿ?”

“ಇಲ್ಲಿ ಕೇಳುತ್ತಿರುವವಳು ಅವಳೇ, ಸರ್. ಅವಳದೇ ಮಾತು ಅವಳಿಗೆ ಬೇಕು.”

“ಕಮಿಟಿ ಮುಂದೆ ಇಡೋಣ.”

ಎಥಿಕ್ಸ್ ಕಮಿಟಿ ಎಂದರೆ ಸಂಶೋಧನೆಯಿಂದ ಯಾರಿಗೂ ಅನ್ಯಾಯವಾಗದಂತೆ ಕಾಯುವ ಸಮಿತಿ. ಅದು ಸೇರಲು ಎರಡು ತಿಂಗಳು ಹಿಡಿಯಿತು. ಸದಸ್ಯರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಬಹಳ ಹೊತ್ತು ಚರ್ಚೆ ಮಾಡಿದರು. ಕೊನೆಗೆ ಹದಿನೇಳನೆಯ ಮನೆಯ ಟೈಮ್ ಯೂಸ್ ಹಾಳೆಯ ಪ್ರತಿಯನ್ನು, ಅದು ಇದ್ದ ಹಾಗೆಯೇ, ಕೊಡಬಹುದು ಎಂದರು. ನಂಬರಿಗೆ ಹೆಸರು ಜೋಡಿಸುವ ರಿಜಿಸ್ಟರ್ ಮಾತ್ರ ಕೊಡುವಂತಿಲ್ಲ, ಅದರಲ್ಲಿ ಉಳಿದ ಮನೆಗಳ ಹೆಸರೂ ಇವೆ. ಆ ಒಂದು ಸಾಲು ಬಿಟ್ಟು ಉಳಿದದ್ದರ ಮೇಲೆ ಕಾಗದ ಮುಚ್ಚಿ ಜೆರಾಕ್ಸ್ ಮಾಡೋಣ ಎಂದೆ. ಅದಕ್ಕೆ ನಿಯಮದಲ್ಲಿ ಅವಕಾಶ ಇದೆಯೋ ನೋಡಬೇಕು, ಮುಂದಿನ ಸಭೆಗೆ ಇಡೋಣ ಎಂದರು.

ನಾನು ಸಿಕ್ಕಷ್ಟು ತೆಗೆದುಕೊಂಡು ಕಾರ್ಮಿಕ ಕಚೇರಿಯ ವಿಚಾರಣೆಗೆ ಹೋದೆ. ಅಧಿಕಾರಿ ಸೌಮ್ಯ ಮನುಷ್ಯ, ಮೇಜಿನ ತುಂಬ ಫೈಲು. ಒಂದು ಬದಿಗೆ ಶೆಡ್ಡಿನ ಮಾಲೀಕನ ವಕೀಲರು. ಇನ್ನೊಂದು ಬದಿಗೆ ಮಲಕಾರಿ, ಕಸ್ತೂರಿ. ಕಸ್ತೂರಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನಾನು ಹಾಳೆ ಮುಂದಿಟ್ಟೆ. ವಕೀಲರು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ನೋಡಿದರು.

“ಇದರಲ್ಲಿ ಹೆಸರೇ ಇಲ್ಲವಲ್ಲ. ಮನೆ ಹದಿನೇಳು, ಹೆಂಗಸು, ವಯಸ್ಸು ಮೂವತ್ತನಾಲ್ಕು. ಯಾರು ಇವಳು?”

“ಇವಳೇ. ಇವಳ ಮನೆಯಲ್ಲಿ ಕೂತು ನಾನೇ ಬರೆದದ್ದು.”

ಅಧಿಕಾರಿ ನನ್ನ ಕಡೆ ತಿರುಗಿದರು. “ಹದಿನೇಳು ಎಂದರೆ ಈಕೆ ಎಂದು ತೋರಿಸುವ ದಾಖಲೆ?”

“ಸಂಸ್ಥೆಯಲ್ಲಿದೆ, ಸರ್.”

“ತನ್ನಿ.”

ವಕೀಲರು ಇನ್ನೊಂದು ಪ್ರಶ್ನೆ ಕೇಳಿದರು. “ಮೇಡಂ, ಇವರು ಶೆಡ್ಡಿನಲ್ಲಿ ಕೆಲಸ ಮಾಡುವುದನ್ನು ನೀವು ಕಣ್ಣಿಂದ ನೋಡಿದಿರಾ?”

ನೋಡಿರಲಿಲ್ಲ. ನಾನು ನೋಡಿದ್ದು ಸಂಜೆ ಮನೆಗೆ ಬಂದು ಕೂತ ಹೆಂಗಸನ್ನು. ಆಕೆ ಹೇಳಿದಳು, ನಾನು ಬರೆದೆ.

“ಅಂದರೆ ಇವರು ಹೇಳಿದ್ದನ್ನೇ ನೀವು ಬರೆದುಕೊಂಡಿದ್ದೀರಿ. ಇವರು ಇಲ್ಲಿಯೂ ಅದನ್ನೇ ಹೇಳುತ್ತಿದ್ದಾರೆ. ಹೊಸದೇನು?”

 ಇಷ್ಟು ವರ್ಷ ನಾನು ಬರೆದು ತಂದ ಸಾವಿರಾರು ಹಾಳೆಗಳೂ ಅಷ್ಟೇ ತಾನೆ, ಅವರು ಹೇಳಿದ್ದು. ಅವುಗಳ ಮೇಲೆ ಪುಸ್ತಕಗಳು ಬಂದಿದ್ದವು, ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನನ್ನ ಬಾಕ್ಸಿನಲ್ಲಿ ಹೆಸರಿರಲಿಲ್ಲ, ಆದರೂ ಠೇಕೇದಾರ ಒಂದು ನಿಮಿಷದಲ್ಲಿ ಆಕೆಯನ್ನು ಗುರುತಿಸಿದ್ದ. ಇಲ್ಲಿ ಆಕೆ ಎದುರಿಗೇ ಕೂತಿದ್ದಳು, ಹಾಳೆ ಮೇಜಿನ ಮೇಲಿತ್ತು, ಹೆಸರಿಲ್ಲ ಎಂಬ ಕಾರಣಕ್ಕೆ ಎರಡೂ ಒಂದೇ ಎಂದು ಹೇಳುವವರಿಲ್ಲ.

ಕಸ್ತೂರಿ ಆ ಹೊತ್ತಿಗೆ ಒಂದೇ ಮಾತು ಆಡಿದಳು. ಕನ್ನಡದಲ್ಲಿ, ನನಗೆ ಮಾತ್ರ. “ಆಗ ಹೆಸರು ಬ್ಯಾಡ ಅಂದ್ರಿ. ಈಗ ಬೇಕಂತಾರ.”

ಅಧಿಕಾರಿ ಮುಂದಿನ ತಾರೀಖು ಕೊಟ್ಟರು. ಆ ದಿನ ಕಸ್ತೂರಿ, ಮಲಕಾರಿ ಬರಲಿಲ್ಲ. ನಾನು ಖೋಲಿಗೆ ಹೋದೆ. ಬೀಗವೂ ಇರಲಿಲ್ಲ, ಬೇರೆ ಸಂಸಾರ ಬಂದಿತ್ತು. ಎರಡನೆಯ ಖೋಲಿಯವಳು ಬಾಗಿಲಲ್ಲಿ ನಿಂತು, ಒಳಗೆ ಕರೆಯದೆ, ಹೇಳಿದಳು: ಶೆಡ್ಡಿನ ಮಾಲೀಕ ರಾಜಿ ಕಾಗದ ಮಾಡಿಸಿಕೊಂಡು ಏನೋ ಸ್ವಲ್ಪ ಕೊಟ್ಟನಂತೆ. ಸಹಿ ಮಾಡಿ ಹೋದರು. ಎಲ್ಲಿಗೆ ಎಂದು ಯಾರಿಗೂ ಹೇಳಿಲ್ಲ. ಆಮೇಲೆ ಅವಳು ತನ್ನಷ್ಟಕ್ಕೆ ಎಂಬಂತೆ, “ಹೋಗೂಮುಂದ ನಾನೂ ಮಾತಾಡ್ಸಲಿಲ್ರಿ,” ಎಂದಳು.

ಕಮಿಟಿಯ ಎರಡನೆಯ ಸಭೆ ನಡೆದು, ಉಳಿದ ಹೆಸರು ಮುಚ್ಚಿ ಆ ಒಂದು ಸಾಲಿನ ಪ್ರತಿ ಕೊಡಬಹುದು ಎಂಬ ಪತ್ರ ನನ್ನ ಮೇಜಿಗೆ ಬಂತು. ಅದು ಬರುವ ಹೊತ್ತಿಗೆ ಅವರು ಹೋಗಿ ಒಂದು ತಿಂಗಳಾಗಿತ್ತು. ಮೂರನೆಯ ಸುತ್ತಿನ ಹಾಳೆಯಲ್ಲಿ ಹದಿನೇಳನೆಯ ಮನೆಯ ಮುಂದೆ ‘ಸ್ಥಳಾಂತರ, ಪತ್ತೆಯಿಲ್ಲ’ ಎಂದು ಬರೆದೆ. ಕೋಷ್ಟಕದಲ್ಲಿ ಅಂಥ ಮನೆಗಳಿಗೆ ಬೇರೆ ಕಾಲಮ್ಮು ಇರುತ್ತದೆ.

ಇನ್ನೂ ಎರಡು ವರ್ಷ ಸರ್ವಿಸ್ ಇತ್ತು. ಫೀಲ್ಡಿಗೆ ಹೋಗುವುದು ಬಿಟ್ಟು ಆಫೀಸಿನಲ್ಲಿ ಹಾಳೆ ತಿದ್ದುವ ಕೆಲಸ ಕೇಳಿ ತೆಗೆದುಕೊಂಡೆ. ಬಾಕ್ಸ್‌ಗಳಲ್ಲಿ ಹೆಸರಲ್ಲದ ಗುರುತುಗಳನ್ನು ಹುಡುಕಿ ಹೊಡೆದುಹಾಕುವುದೇ ಕೆಲಸವಾಯಿತು. ಕುಂಟುವವನ ಕುಂಟು, ಊರಿನ ಒಬ್ಬಳೇ ಸೂಲಗಿತ್ತಿ, ಅವಳಿ ಮಕ್ಕಳ ತಾಯಿ, ಎಲ್ಲ ತೆಗೆದೆ. ಹೊಸ ಹುಡುಗಿಯರು ಬೇಸರಪಟ್ಟುಕೊಂಡರು. ಎಲ್ಲ ತೆಗೆದರೆ ಮನುಷ್ಯರೇ ಉಳಿಯುವುದಿಲ್ಲ ಎಂದಳು ಒಬ್ಬಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೂ ಹೊಡೆದುಹಾಕುತ್ತಲೇ ಹೋದೆ.

ನಿವೃತ್ತಳಾದ ಮೇಲೆ ಒಂದು ರವಿವಾರ ಧಾರವಾಡದಿಂದ ಬಂದಿದ್ದ ತಂಗಿಯನ್ನು ಕರೆದುಕೊಂಡು ಜೇಜುರಿಯ ಬೆಟ್ಟದ ಗುಡಿಗೆ ಹೋಗಿದ್ದೆ. ಮೆಟ್ಟಿಲುಗಳ ಬುಡದಲ್ಲಿ ಭಂಡಾರದ ಅರಿಸಿನ ಪುಡಿ, ಒಣಕೊಬ್ಬರಿ ಮಾರುವ ಅಂಗಡಿಗಳ ಸಾಲು. ಕರ್ನಾಟಕದಿಂದ ಬಂದ ಗಾಡಿಯ ಜನರನ್ನು ಒಬ್ಬಳು ಕನ್ನಡದಲ್ಲಿ ಕೂಗಿ ಕರೆಯುತ್ತಿದ್ದಳು. ದನಿಯಿಂದಲೇ ಗುರುತು ಹತ್ತಿತು. ಕಸ್ತೂರಿ ಬಲಗೈಯಿಂದ ಪೊಟ್ಟಣ ಕಟ್ಟುತ್ತಿದ್ದಳು. ಇನ್ನೂ ರೂಢಿಯಾಗಿರಲಿಲ್ಲ, ಅರಿಸಿನ ಚೆಲ್ಲುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಮಲಕಾರಿ ಊರಿಗೆ ಹೋಗಿ ಬಂದು ಮಾಡುತ್ತಾನೆ ಎಂದಳು. ಐಶ್ವರ್ಯಾ ಶಾಲೆ ಬಿಟ್ಟಿದ್ದಳು, ಒಂಬತ್ತನೆಯದರಲ್ಲಿ. ಈಗ ಕಂಪನಿಯಲ್ಲಿದ್ದಾಳೆ.

“ಯಾವ ಕಂಪನಿ? ಏನು ಕೆಲಸ?” ಎಂದೆ. ಕೇಳಿದ ಮೇಲೆ ನನಗೇ ಗೊತ್ತಾಯಿತು, ಅದು ಪ್ರಶ್ನಾವಳಿಯ ದನಿ.

ಕಸ್ತೂರಿ ನನ್ನ ಹೆಗಲಿನ ಚೀಲದ ಕಡೆ ನೋಡಿದಳು.

“ಬರ್ಕೊಳ್ಳಾಕ ಕೇಳಾಕತ್ತೀರೇನ್ರಿ, ಹಂಗೇ ಕೇಳಾಕತ್ತೀರಿ?”

“ಹಂಗೇ ಕೇಳಾಕತ್ತೀನಿ. ನಾ ಈಗ ಕೆಲಸದಾಗ ಇಲ್ಲ.”

“ಚಲೋ ಅದಾಳ್ರಿ,” ಎಂದಳು. ಅಷ್ಟರಲ್ಲಿ ಗಿರಾಕಿ ಬಂದರು, ಆ ಕಡೆ ತಿರುಗಿದಳು. ತಂಗಿ ಮೇಲೆ ಹತ್ತೋಣ ಬಾ ಎಂದು ಕರೆಯುತ್ತಿದ್ದಳು. ಹೋದೆ. ಇಳಿದು ಬರುವಾಗ ಇನ್ನೊಂದು ಬದಿಯಿಂದ ಇಳಿದೆ.

ಚಲೋ ಅದೀವ್ರಿ ಎಂಬ ಉತ್ತರ ನನ್ನ ಹಾಳೆಗಳಲ್ಲಿ ಎಷ್ಟು ಸಾವಿರ ಸಲ ಇದೆಯೋ. ಅದು ಉತ್ತರವಲ್ಲ, ಮುಚ್ಚಿದ ಬಾಗಿಲು ಎಂದು ತಿಳಿಯಲು ನನಗೆ ಇಡೀ ನೌಕರಿ ಬೇಕಾಯಿತು. ಬಡವರ ಮನೆಗೆ ಹೋಗಿ ಕೇಳುವವರು ಕೇಳುವ ಮೊದಲು ಒಂದು ಯೋಚನೆ ಮಾಡಬೇಕು. ಈ ಮಾತಿನಿಂದ ಯಾರಿಗೆ ಒಳ್ಳೆಯದಾಗುತ್ತದೆ ಎಂಬುದನ್ನಲ್ಲ, ಅದನ್ನು ನಾವೆಲ್ಲ ಯೋಚಿಸಿಯೇ ಇರುತ್ತೇವೆ. ಇದನ್ನು ಬೇರೆ ಯಾರು ಓದಬಲ್ಲರು, ಓದಿದ ದಿನ ಹೇಳಿದವಳ ಪಕ್ಕದಲ್ಲಿ ನಿಲ್ಲಲು ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು. ಏನೂ ಇಲ್ಲದಿದ್ದರೆ ಚಹಾ ಕುಡಿದು ಎದ್ದು ಬರುವುದು ಮೇಲು.

ಹಂಗೇ ಕೇಳಾಕತ್ತೀನಿ ಎಂದು ಹೇಳಿ ಬಂದವಳು ಈಗ ಇದನ್ನು ಬರೆದಿದ್ದೇನೆ. ಹೆಸರು, ಊರು, ಗಂಡನ ಕಸುಬು, ಭೇಟಿಯಾದ ಜಾಗ, ಇನ್ನೂ ಕೆಲವನ್ನು ಬದಲಾಯಿಸಿದ್ದೇನೆ. ಆಕೆಯನ್ನು ಬಲ್ಲವರು ಓದಿದರೂ ಗುರುತು ಹಿಡಿಯಲಾರರು ಎಂದು ನಂಬಿದ್ದೇನೆ. ಮೊದಲ ಸಲವೂ ಹೀಗೆಯೇ ನಂಬಿದ್ದೆ.